ಅರ್ಧ ಬೆಲೆ ಅಂದರೆ ಯಾವುದರ ಅರ್ಧ?

ಹೋದ ತಿಂಗಳು ನಮ್ಮ ಬಡಾವಣೆಯ ಡಿಸ್ಕೌಂಟ್ ಅಂಗಡಿಯೊಂದರಲ್ಲಿ ಆಲಿವ್ ಎಣ್ಣೆಯ ಬಾಟಲಿ ಕೈಗೆತ್ತಿಕೊಂಡೆ. ಅರ್ಧ ಲೀಟರ್. ಮುಂದೆ ಇಟಲಿಯ ಯಾವುದೋ ಗುಡ್ಡ, ತೋಟ, ಬಿಸಿಲು. ಹಿಂದೆ ಮೂರು ಚೀಟಿ. ಮೊದಲನೆಯದು ಎಣ್ಣೆ ತುಂಬಿದ ಕಂಪನಿಯದು. ಅದರ ಕೆಳಗೆ ಆಮದು ಮಾಡಿದವರದ್ದು, ಎಮ್‌ಆರ್‌ಪಿ ಸಮೇತ. ಪಕ್ಕದಲ್ಲಿ ಅಂಗಡಿಯವರು ಅಂಟಿಸಿದ ಕೆಂಪು ಚೀಟಿ: ಶೇ 60 ಆಫ್.

ಅಲ್ಲೇ ನಿಂತಿದ್ದ ಹಿರಿಯ ಹೆಂಗಸೊಬ್ಬರು ಗಂಡನನ್ನು ಕೇಳುತ್ತಿದ್ದರು: "ರೀ, ಇದು ಮಗೂಗೆ ಹಚ್ಚೋ ಎಣ್ಣೆ ಅಲ್ವಾ? ಅಡುಗೆಗೂ ಹಾಕ್ತಾರಾ?" ಅವರು ಚೀಟಿ ನೋಡಿ ಹೇಳಿದರು: "ಅರವತ್ತು ಪರ್ಸೆಂಟ್ ಕಮ್ಮಿ ಅಂತೆ ಕಣೇ. ಅಡುಗೆಗೆ ಆಗ್ದೇ ಇದ್ರೆ ಹಚ್ಚೋಕಾದ್ರೂ ಆಗತ್ತೆ, ತಗೋ."

ನಾನೂ ತಗೊಂಡೆ. ಮನೆಗೆ ಬಂದು ಮುಚ್ಚಳ ತೆಗೆದರೆ ಕಮಟು ವಾಸನೆ. ಮರೆತುಹೋದ ಕೊಬ್ಬರಿ ಡಬ್ಬ ತೆಗೆದಾಗ ಬರುತ್ತದಲ್ಲ, ಅದೇ. ಎಕ್ಸ್‌ಪೈರಿಗೆ ಇನ್ನೂ ಆರು ವಾರ ಇತ್ತು, ಹಾಗಾಗಿ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಆ ಎಣ್ಣೆ ಈಗ ಗೇಟಿನ ತಿರುಗಣಿಗೆ ಹೋಗುತ್ತಿದೆ. ಎಷ್ಟು ಕಡಿಮೆ ಅಂತ ನೋಡಿದ್ದೆ, ಯಾಕೆ ಕಡಿಮೆ ಅಂತ ಕೇಳಿರಲಿಲ್ಲ.

ಈ "ಯಾಕೆ" ಅನ್ನೋದರ ಮೇಲೇ ಈ ಲೇಖನ. ಹತ್ತಿಪ್ಪತ್ತು ವರ್ಷದ ಹಿಂದೆ ಪಾಸ್ತಾ, ಮೊಝರೆಲ್ಲಾ, ಡಾರ್ಕ್ ಚಾಕೊಲೇಟ್, ಬಾಲ್ಸಾಮಿಕ್ ವಿನೆಗರ್ ಬೇಕಂದರೆ ದೊಡ್ಡ ಊರಿನ ದೊಡ್ಡ ಅಂಗಡಿಗೇ ಹೋಗಬೇಕಿತ್ತು. ಈಗ ಜಿಲ್ಲಾ ಕೇಂದ್ರದ ಸೂಪರ್ ಮಾರ್ಕೆಟ್‌ನಲ್ಲೂ ಒಂದು ರ‍್ಯಾಕ್ ಇದಕ್ಕೇ ಮೀಸಲು. ಪಾತ್ರೆಗಳದ್ದೂ ಇದೇ ಕಥೆ. ಟ್ರೈಪ್ಲೈ, ಗ್ರಾನೈಟ್ ಕೋಟಿಂಗ್, ಏರ್ ಫ್ರೈಯರ್. ಎಲ್ಲದರ ಮೇಲೂ ಅರ್ಧ ಬೆಲೆಯ ಚೀಟಿ. ಆ ಚೀಟಿಗಳಲ್ಲಿ ಕೆಲವು ನಿಜ, ಕೆಲವು ಸುಮ್ನೆ ಶಾಯಿ.

ಎಮ್‌ಆರ್‌ಪಿ ಬರೆಯೋರು ಯಾರು?

ನಮ್ಮ ದೇಶದಲ್ಲಿ ಪ್ಯಾಕೆಟ್ ಮಾಡಿದ ವಸ್ತುವಿನ ಮೇಲೆ ಗರಿಷ್ಠ ಬೆಲೆ ಇರಲೇಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರಡಿ ಬಂದ 2011ರ ಪ್ಯಾಕೇಜ್ ವಸ್ತುಗಳ ನಿಯಮ ಹೀಗೆ ಹೇಳುತ್ತವೆ. ಆ ಬೆಲೆಗಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ತಪ್ಪು. ಒಳ್ಳೇ ನಿಯಮ. ಬಸ್‌ಸ್ಟ್ಯಾಂಡಿನಲ್ಲಿ ನೀರಿನ ಬಾಟಲಿಗೆ ಜಗಳ ಆಡೋಕೆ ನಮಗೆ ಧೈರ್ಯ ಬಂದಿದ್ದೇ ಇದರಿಂದ.

ಆದರೆ ಆ ಗರಿಷ್ಠ ಬೆಲೆ ಎಷ್ಟಿರಬೇಕು? ಔಷಧಿಯಂಥ ಕೆಲವು ವಸ್ತು ಬಿಟ್ಟರೆ ಅದಕ್ಕೆ ಮಿತಿಯೇ ಇಲ್ಲ. ತಯಾರಿಸಿದವರು ಅಥವಾ ಆಮದು ಮಾಡಿದವರು ತಮಗೆ ಬೇಕಾದಷ್ಟು ಬರೆದುಕೊಳ್ಳಬಹುದು. ಇನ್ನೂರು ರೂಪಾಯಿಗೆ ಮಾರಬೇಕು ಅಂದುಕೊಂಡಿರುವ ಬಾಣಲೆಗೆ ಐನೂರು ಅಂತ ಅಚ್ಚು ಹಾಕಿ, ಶೇ 60 ಆಫ್ ಅಂದರೆ ಈ ನಿಯಮದ ಪ್ರಕಾರ ಯಾರೂ ಏನೂ ಮಾಡೋಕಾಗಲ್ಲ.

ಹಾಗಾದರೆ ಹಾಲಿನ ಪ್ಯಾಕೆಟ್‌ನವರು, ಬಿಸ್ಕತ್ತಿನವರು ಯಾಕೆ ಹೀಗೆ ಮಾಡುವುದಿಲ್ಲ? ಯಾಕಂದರೆ ಅದರ ಬೆಲೆ ನಮಗೆ ಬಾಯಿಪಾಠ. ಅರ್ಧ ಲೀಟರ್ ಹಾಲಿಗೆ ಎರಡು ರೂಪಾಯಿ ಏರಿದರೆ ಬೆಳಿಗ್ಗೆ ಆರಕ್ಕೇ ಬೀದಿಗೆಲ್ಲ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಕೊಳ್ಳುವ ಇಟಲಿಯ ವಿನೆಗರ್, ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ದೋಸೆ ಕಾವಲಿ, ಇವುಗಳ ಬೆಲೆ ಯಾರಿಗೆ ನೆನಪಿದೆ? ನೆನಪಿಲ್ಲದ ಕಡೆ ಚೀಟಿಯೇ ನಮ್ಮ ನೆನಪಾಗುತ್ತದೆ. ದುಬಾರಿ ತಿನಿಸು ಮತ್ತು ಅಡುಗೆ ಪಾತ್ರೆ, ಈ ಎರಡರಲ್ಲೇ ದೊಡ್ಡ ದೊಡ್ಡ ಡಿಸ್ಕೌಂಟ್ ಕಾಣಿಸೋದಕ್ಕೆ ಇದೊಂದು ಕಾರಣ.

ಅಮೆರಿಕದಲ್ಲಿರುವ ನಮ್ಮವರಿಗೆ ಟಿ.ಜೆ. ಮ್ಯಾಕ್ಸ್, ಹೋಮ್‌ಗುಡ್ಸ್ ಅನ್ನೋ ಡಿಸ್ಕೌಂಟ್ ಅಂಗಡಿಗಳು ಅಂದರೆ ಪ್ರಾಣ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಚಾಕೊಲೇಟು, ಬಟ್ಟಲು ಎಷ್ಟೋ ಸಲ ಅಲ್ಲಿಂದಲೇ ಬಂದಿರುತ್ತವೆ. ಅಲ್ಲಿ ಎಮ್‌ಆರ್‌ಪಿ ಅನ್ನೋದೇ ಇಲ್ಲ. "ಬೇರೆ ಕಡೆ ಇಷ್ಟು" ಅಂತ ಹೋಲಿಕೆಯ ಬೆಲೆಯನ್ನು ಅಂಗಡಿಯವರೇ ಬರೆಯುತ್ತಾರೆ, ಅದರ ಮೇಲೆ ಅಲ್ಲೂ ವ್ಯಾಜ್ಯ ನಡೆದಿವೆ. ಆದರೆ ಅಲ್ಲಿನ ವ್ಯಾಪಾರದ ಬುಡ ಬೇರೆ. ಯಾರೋ ಜಾಸ್ತಿ ತಯಾರಿಸಿದ್ದು, ಯಾವುದೋ ದೊಡ್ಡ ಅಂಗಡಿ ಆರ್ಡರ್ ರದ್ದು ಮಾಡಿದ್ದು, ಹಳೇ ಬಣ್ಣದ್ದು, ಇಂಥದ್ದನ್ನು ಸಗಟಾಗಿ ಎತ್ತಿ ತರುತ್ತಾರೆ. ಬೇರೆಯವರ ಲೆಕ್ಕ ತಪ್ಪಿದ್ದೇ ಇವರ ಬಂಡವಾಳ. ಅದೂ ಸುಲಭದ ವ್ಯಾಪಾರವೇನಲ್ಲ. ಅಡುಗೆ ಸಾಮಾನು, ದುಬಾರಿ ತಿನಿಸು ಅಗ್ಗಕ್ಕೆ ಸಿಗುತ್ತದೆ ಅಂತ ಹೆಸರಾಗಿದ್ದ ಟ್ಯೂಸ್‌ಡೇ ಮಾರ್ನಿಂಗ್ 2023ರಲ್ಲಿ ಬಾಗಿಲು ಹಾಕಿತು. ಇದೇ ಬಗೆಯ ಬಿಗ್ ಲಾಟ್ಸ್ 2024ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ನಮ್ಮ ನಿಯಮದಲ್ಲಿ ಕೊಳ್ಳುವವರಿಗೆ ಅನುಕೂಲವಾದ ಒಂದು ಸಣ್ಣ ಮಾತಿದೆ. ಬೆಲೆ ಇಳಿಸಲು ಹೊಸ ಚೀಟಿ ಅಂಟಿಸಬಹುದು, ಆದರೆ ಅದು ಹಳೇ ಎಮ್‌ಆರ್‌ಪಿಯನ್ನು ಮುಚ್ಚಬಾರದು. ಹೊಸ ಚೀಟಿ ಹಳೇ ಬೆಲೆಯ ಮೇಲೇ ಕೂತಿದ್ದರೆ ಉಗುರಿನಿಂದ ಒಂದು ಮೂಲೆ ಎತ್ತಿ ನೋಡಿ. ನಾನು ನೋಡುತ್ತೇನೆ. ನಾಚಿಕೆ ಬಿಟ್ಟಾಗಿದೆ.

ಇನ್ನೊಂದು ಲೆಕ್ಕ ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ಸ್ಟೀಲು, ಅಲ್ಯೂಮಿನಿಯಂ, ತಾಮ್ರದ ಅಡುಗೆ ಪಾತ್ರೆಗಳ ಮೇಲೆ ಶೇ 12 ಇದ್ದದ್ದು ಶೇ 5 ಆಯಿತು. ಚೀಸ್, ಬೆಣ್ಣೆ, ತುಪ್ಪ, ಪಾಸ್ತಾ, ಜಾಮ್, ಬಾದಾಮಿ ಕೂಡ 12ರಿಂದ 5ಕ್ಕೆ ಬಂದವು. ಚಾಕೊಲೇಟ್ 18ರಿಂದ 5ಕ್ಕೆ ಇಳಿಯಿತು. ನೂರು ರೂಪಾಯಿಯ ಪಾತ್ರೆ ಮೊದಲು 112 ಆಗುತ್ತಿತ್ತು, ಈಗ 105. ಅಂದರೆ ಏನೂ ಮಾಡದೇ ಬೆಲೆ ಶೇ 6ರಷ್ಟು ಇಳಿಯಬೇಕು. ಚಾಕೊಲೇಟ್ ಶೇ 11ರಷ್ಟು ಇಳಿಯಬೇಕು. ಹಳೇ ಎಮ್‌ಆರ್‌ಪಿ ಇರುವ ಕುಕ್ಕರ್ ಡಬ್ಬದ ಮೇಲೆ "ವಿಶೇಷ ರಿಯಾಯಿತಿ ಶೇ 5" ಅಂತ ಕಂಡರೆ ಅದು ರಿಯಾಯಿತಿಯಲ್ಲ. ನಿಮ್ಮ ದುಡ್ಡನ್ನೇ ನಿಮಗೆ, ಅದೂ ಸ್ವಲ್ಪ ಹಿಡಿದುಕೊಂಡು, ಕೊಡುತ್ತಿದ್ದಾರೆ.

ದಿನಾಂಕ ಹತ್ತಿರವಾದ ತಿನಿಸು

ತಿನಿಸಿನಲ್ಲಿ ನಿಜವಾದ ಅಗ್ಗಕ್ಕೆ ಬಹುತೇಕ ಒಂದೇ ಕಾರಣ: ಕಾಲ ಮೀರುತ್ತಿದೆ. ಅದು ಮೋಸವಲ್ಲ. ಆದರೆ ಹೇಗೆ ಅಲ್ಲಿಗೆ ಬಂತು ಅಂತ ತಿಳಿದಿದ್ದರೆ ಒಳ್ಳೇದು.

ಆಮದು ತಿನಿಸಿಗೆ 2017ರ ಆಹಾರ ಸುರಕ್ಷತಾ ನಿಯಮವಿದೆ. ಬಂದರಿನಲ್ಲಿ ಬಿಡುಗಡೆ ಆಗುವಾಗ ಅದರ ಒಟ್ಟು ಬಾಳಿಕೆಯ ಶೇ 60 ಅಥವಾ ಮೂರು ತಿಂಗಳು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಉಳಿದಿರಬೇಕು. "ಯಾವುದು ಕಡಿಮೆಯೋ" ಅನ್ನೋದನ್ನು ಇನ್ನೊಮ್ಮೆ ಓದಿ. ಎರಡು ವರ್ಷ ಬಾಳಿಕೆಯ ಎಣ್ಣೆಗೆ ಶೇ 60 ಅಂದರೆ ಹದಿನಾಲ್ಕು ತಿಂಗಳ ಮೇಲಾಯಿತು. ಎರಡರಲ್ಲಿ ಕಡಿಮೆಯದು ಮೂರು ತಿಂಗಳು. ಹಾಗಾಗಿ ಇಪ್ಪತ್ತೊಂದು ತಿಂಗಳು ಎಲ್ಲೆಲ್ಲೋ ಕೂತ ಬಾಟಲಿ ಕೂಡ ಕಾನೂನುಬದ್ಧವಾಗಿ ದೇಶದೊಳಗೆ ಬರಬಹುದು. ಆಮೇಲೆ ಗೋದಾಮು, ಲಾರಿ, ವಿತರಕರು.

ಇನ್ನೊಂದು ಬದಲಾವಣೆ 2024ರ ನವೆಂಬರ್‌ನದು. ಆನ್‌ಲೈನ್‌ನಲ್ಲಿ ತಿನಿಸು ಮಾರುವವರು ಗ್ರಾಹಕರಿಗೆ ತಲುಪಿಸುವ ಹೊತ್ತಿಗೆ ಶೇ 30ರಷ್ಟು ಬಾಳಿಕೆ ಅಥವಾ ಎಕ್ಸ್‌ಪೈರಿಗೆ 45 ದಿನ ಉಳಿದಿರಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ಮನೆಗೆ ತರಿಸಿಕೊಳ್ಳುವವರಿಗೆ ಇದು ಒಳ್ಳೆಯದು. ಆದರೆ 44 ದಿನ ಉಳಿದ ಸರಕು ಎಲ್ಲಿಗೆ ಹೋಗಬೇಕು? ಗೋದಾಮಿನಲ್ಲಿ ಇಟ್ಟುಕೊಂಡರೆ ಜಾಗದ ಬಾಡಿಗೆ, ಬಿಸಾಡಿದರೆ ಪೂರ್ತಿ ನಷ್ಟ. ಅಂಗಡಿಯ ರ‍್ಯಾಕಿನಲ್ಲಿ ಮಾರಲು ಇಂಥ ಗಡುವಿಲ್ಲ, ಎಕ್ಸ್‌ಪೈರಿ ಆಗಿರಬಾರದು ಅಷ್ಟೇ. ಸಿಕ್ಕಷ್ಟಕ್ಕೆ ಕೈದಾಟಿಸುವ ಸರಕು ನಮ್ಮ ಬೀದಿಯ ಅಂಗಡಿಗೆ ಬರೋದು ಹೀಗೆ.

ಈಗ ಕೇಳಬೇಕಾದ್ದು: ಯಾವ ತಿನಿಸಿಗೆ ಕಾಲ ಕೆಡುಕು ಮಾಡುತ್ತದೆ, ಯಾವುದಕ್ಕೆ ಇಲ್ಲ? ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಣ್ಣೆಯಂಶ ಇರುವುದೆಲ್ಲ ಕಮಟು ಹಿಡಿಯುತ್ತದೆ. ಆಲಿವ್ ಎಣ್ಣೆ, ವಾಲ್‌ನಟ್, ಪಿಸ್ತಾ, ಅಗಸೆ ಪುಡಿ, ಕಂದು ಅಕ್ಕಿ, ಬೀಸಿದ ಇಡೀ ಗೋಧಿ ಹಿಟ್ಟು. ಹುರಿದು ಪುಡಿ ಮಾಡಿದ ಕಾಫಿ ಕೆಡುವುದಿಲ್ಲ, ಆದರೆ ಪರಿಮಳ ಹೋಗಿ ಮಣ್ಣಿನಂತಾಗುತ್ತದೆ. ಇವನ್ನು ದಿನಾಂಕದ ಅಂಚಿನಲ್ಲಿ ನಾನು ಮುಟ್ಟುವುದಿಲ್ಲ, ಪುಕ್ಕಟೆ ಕೊಟ್ಟರೂ ಯೋಚಿಸುತ್ತೇನೆ. ಒಣ ಪಾಸ್ತಾ, ವಿನೆಗರ್, ಜೇನು, ಉಪ್ಪು, ಡಬ್ಬದ ಟೊಮೆಟೊ, ಸಾಸಿವೆ ಸಾಸ್, ಇವಕ್ಕೆ ಕೊನೆಯ ಎರಡು ತಿಂಗಳು ಅಂದರೆ ಏನೂ ಅಲ್ಲ. ಡಬ್ಬ ಉಬ್ಬಿರಬಾರದು, ಅಂಚಿನಲ್ಲಿ ನೆಗ್ಗಿರಬಾರದು ಅಷ್ಟೇ. ಚಾಕೊಲೇಟಿನ ಮೇಲೆ ಬಿಳಿ ಬೂದಿ ಹಚ್ಚಿದಂತೆ ಕಂಡರೆ ಹೆದರಬೇಡಿ. ಬಿಸಿಗೆ ಕರಗಿ ಮತ್ತೆ ಗಟ್ಟಿಯಾದಾಗ ಅದರ ಕೊಬ್ಬು ಮೇಲಕ್ಕೆ ಬಂದು ಹಾಗೆ ಕಾಣುತ್ತದೆ. ಮುರಿದು ತಿನ್ನಲು ಅಂದ ಇಲ್ಲ, ಕೇಕಿಗೆ ಹಾಕಲು ತೊಂದರೆ ಇಲ್ಲ. ಚೀಸ್ ಮಾತ್ರ ದಿನಾಂಕ ನೋಡಿ ಕೊಳ್ಳುವುದಲ್ಲ, ಫ್ರಿಜ್ ನೋಡಿ ಕೊಳ್ಳುವುದು. ಗಾಜಿನ ಬಾಗಿಲಿನ ಒಳಗೆ ನೀರು ಇಳಿಯುತ್ತಿದ್ದರೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಮುಂದೆ ನಡೆಯಿರಿ.

ಆಲಿವ್ ಎಣ್ಣೆಯ ಬಗ್ಗೆ ಇನ್ನೆರಡು ಮಾತು, ಸುಟ್ಟುಕೊಂಡವರ ಮಾತು. ಬಾಟಲಿ ಮುಂದೆ ದೊಡ್ಡಕ್ಷರದಲ್ಲಿ "ಆಲಿವ್", ಕೆಳಗೆ ಸಣ್ಣಕ್ಷರದಲ್ಲಿ "ಪೊಮೆಸ್" ಅಂತ ಇರುತ್ತದೆ. ಪೊಮೆಸ್ ಅಂದರೆ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತದಲ್ಲ, ಅದು. ಅದರಿಂದ ದ್ರಾವಕ ಹಾಕಿ ಉಳಿದ ಎಣ್ಣೆ ತೆಗೆದು, ಶುದ್ಧ ಮಾಡಿ, ಸ್ವಲ್ಪ ಒಳ್ಳೇ ಎಣ್ಣೆ ಬೆರೆಸುತ್ತಾರೆ. ಕರಿಯಲು ಆಗುತ್ತದೆ, ವಿಷವೇನಲ್ಲ. ಆದರೆ ಅದನ್ನು ಮೇಲ್ದರ್ಜೆಯ ಎಕ್ಸ್‌ಟ್ರಾ ವರ್ಜಿನ್‌ನ ಬೆಲೆಗೆ ಹೋಲಿಸಿ "ಅರ್ಧ ಬೆಲೆ" ಅನ್ನೋದು, ಶೇಂಗಾ ಎಣ್ಣೆಗೆ ಶೇಂಗಾ ಹಿಂಡಿ ಹೋಲಿಸಿದ ಹಾಗೆ. ಎಕ್ಸ್‌ಟ್ರಾ ವರ್ಜಿನ್ ಅನ್ನಿಸಿಕೊಳ್ಳಲು ಆಮ್ಲೀಯತೆ ಶೇ 0.8 ಮೀರಬಾರದು, ಹಣ್ಣನ್ನು ಬರಿದೇ ಹಿಂಡಿ ತೆಗೆದದ್ದಾಗಿರಬೇಕು. ಕೊಳ್ಳುವಾಗ ಎಕ್ಸ್‌ಪೈರಿಗಿಂತ ಕೊಯ್ಲಿನ ವರ್ಷ ಮುಖ್ಯ. ಬರೆದಿದ್ದರೆ ಸಂತೋಷ. ಬರೆಯದಿದ್ದರೆ ಕಪ್ಪು ಗಾಜಿನ ಬಾಟಲಿ, ಅದೂ ರ‍್ಯಾಕಿನ ಹಿಂದಿನ ಸಾಲಿನದ್ದು ತಗೊಳ್ಳಿ. ಮುಂದಿನ ಸಾಲಿನ ಬಾಟಲಿಗೆ ಟ್ಯೂಬ್‌ಲೈಟ್ ಬೆಳಕು ದಿನವಿಡೀ ಬಿದ್ದಿರುತ್ತದೆ. ಬೆಳಕು ಎಣ್ಣೆಗೆ ಶತ್ರು.

ಈ ದುಬಾರಿ ರ‍್ಯಾಕಿನಲ್ಲಿ ನಮ್ಮೂರಿನ ಮಾಲೇ ವೇಷ ಹಾಕಿಕೊಂಡು ಕೂತಿರುವುದೂ ಉಂಟು. "ಖಪ್ಲಿ ಗೋಧಿ ಹಿಟ್ಟು, ಪ್ರಾಚೀನ ಧಾನ್ಯ" ಅಂತ ಕಂದು ಕಾಗದದ ಚೀಲ. ಅದು ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿ, ಹುಗ್ಗಿ ಮಾಡುವುದು. ಬೆಳಗಾವಿ ಕಡೆಯ ನೆಂಟರಿದ್ದರೆ ಒಂದು ಫೋನ್ ಸಾಕು.

ಗೋಡಂಬಿಯಲ್ಲಂತೂ ಅಗ್ಗ ಹೇಗೆ ಹುಟ್ಟುತ್ತದೆ ಅನ್ನೋದು ಅಂಗೈ ಮೇಲೆ ಇಟ್ಟಷ್ಟು ಸ್ಪಷ್ಟ. ಮಂಗಳೂರು ಕಡೆಯ ಗೋಡಂಬಿ ಕಾರ್ಖಾನೆಗಳಲ್ಲಿ ಬೀಜವನ್ನು ಗ್ರೇಡ್ ಮಾಡುತ್ತಾರೆ. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320. ಆ ಸಂಖ್ಯೆ ಅಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, ಹೆಚ್ಚೆಂದರೆ ಎಷ್ಟು ಬೀಜ ಅಂತ. ಸಂಖ್ಯೆ ಕಡಿಮೆ ಇದ್ದಷ್ಟೂ ಬೀಜ ದಪ್ಪ, ಬೆಲೆ ಜಾಸ್ತಿ. ಸಿಪ್ಪೆ ತೆಗೆಯುವಾಗ ಇಬ್ಭಾಗವಾದದ್ದು ಹೋಳು, ಇನ್ನೂ ಒಡೆದದ್ದು ತುಂಡು, ಹುರಿಯುವಾಗ ಸ್ವಲ್ಪ ಕೆಂಪಾದದ್ದು ಬೇರೆ. ಒಂದೇ ಮರದ್ದು, ಒಂದೇ ರುಚಿ. ಬೆಲೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸ. ಪಾಯಸಕ್ಕೆ ಹೇಗೂ ಒಡೆದೇ ಹಾಕುತ್ತೀರಿ, ಕುರ್ಮಾಕ್ಕೆ ರುಬ್ಬಿಯೇ ಹಾಕುತ್ತೀರಿ. ಅದಕ್ಕೆ ಡಬ್ಲ್ಯೂ 180 ಯಾಕೆ? ಇಲ್ಲಿ "ಯಾಕೆ ಕಡಿಮೆ" ಅಂದರೆ ಉತ್ತರ ಕಣ್ಣಿಗೇ ಕಾಣುತ್ತದೆ: ಒಡೆದಿದೆ. ನನಗೆ ಇಂಥ ಅಗ್ಗ ಇಷ್ಟ.

ತೂಕಕ್ಕೆ ಹಾಕಿ ನೋಡಿ

ಬೆಂಗಳೂರಿನ ಚಿಕ್ಕಪೇಟೆ ಸುತ್ತಮುತ್ತಲಿನ ಪಾತ್ರೆ ಅಂಗಡಿಗಳಲ್ಲಿ ಸ್ಟೀಲ್ ಪಾತ್ರೆಯನ್ನು ಬಹಳ ಕಾಲದಿಂದ ತೂಕಕ್ಕೆ ಮಾರುತ್ತಾರೆ. ಡಬರಿ, ಕೊಳಗ, ಬೇಸನ್, ತಟ್ಟೆ ಯಾವುದಾದರೂ ಸರಿ, ತಕ್ಕಡಿ ಮೇಲೆ ಇಟ್ಟು ಕೆಜಿಗೆ ಇಷ್ಟು ಅನ್ನುತ್ತಾರೆ. ಶೇಕಡಾ ಲೆಕ್ಕವಿಲ್ಲ, ಕೆಂಪು ಚೀಟಿಯಿಲ್ಲ. ಡಿಸ್ಕೌಂಟ್ ಅಂಗಡಿಯಲ್ಲಿ ಅದೇ ಡಬರಿ ಒಂದಕ್ಕೆ ಇಷ್ಟು ಅಂತ ಬಣ್ಣದ ಡಬ್ಬದಲ್ಲಿ ಬರುತ್ತದೆ. ತೂಕ ಡಬ್ಬದ ತಳದಲ್ಲಿ ಎಲ್ಲೋ ಇದ್ದರೆ ಇತ್ತು.

ಹಾಗಾಗಿ ಸುಲಭದ ಉಪಾಯ: ಕೆಜಿ ಬೆಲೆಗೆ ಇಳಿಸಿ. ಒಂದು ಪಾತ್ರೆಯ ಎಮ್‌ಆರ್‌ಪಿ 1,495, ಆಫರ್ ಬೆಲೆ 599 ಅಂದುಕೊಳ್ಳಿ. ತೂಕ 600 ಗ್ರಾಂ ಇದ್ದರೆ ಕೆಜಿಗೆ ಸುಮಾರು ಸಾವಿರ ರೂಪಾಯಿ ಆಯಿತು. ಅದೇ ದಿನ ಪಾತ್ರೆ ಅಂಗಡಿಯಲ್ಲಿ ಅದೇ ದರ್ಜೆಯ ಸ್ಟೀಲ್ ಕೆಜಿಗೆ ಎಷ್ಟು ಅಂತ ಕೇಳಿ. 1,495 ಅನ್ನೋ ಅಂಕಿ ತಲೆಯಿಂದ ತಾನಾಗಿ ಇಳಿದುಹೋಗುತ್ತದೆ.

ದರ್ಜೆ ಅಂದೆ. ಸ್ಟೀಲ್‌ನಲ್ಲಿ ಮೋಸ ಆಗೋದೇ ಇಲ್ಲಿ. 304 ಅನ್ನೋದರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್. 202ರಲ್ಲಿ ನಿಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಜಾಸ್ತಿ. ನೋಡಲು ಎರಡೂ ಒಂದೇ ಹೊಳಪು. ಉಪ್ಪು, ಹುಣಸೆಹುಳಿ, ಉಪ್ಪಿನಕಾಯಿ ಬಿದ್ದಾಗ 202 ಬೇಗ ಚುಕ್ಕೆ ಹಿಡಿಯುತ್ತದೆ. "ಅಯಸ್ಕಾಂತ ಅಂಟದಿದ್ರೆ ಒಳ್ಳೇ ಸ್ಟೀಲ್" ಅನ್ನೋ ಮಾತು ನಮ್ಮಲ್ಲಿ ಹಳೆಯದು. ಅರ್ಧ ಮಾತ್ರ ನಿಜ. ನಿಕಲ್ ಇಲ್ಲದ 430 ದರ್ಜೆಗೆ ಅಯಸ್ಕಾಂತ ಅಂಟುತ್ತದೆ, ಸರಿ. ಆದರೆ 202ಕ್ಕೂ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಅಂದರೆ ನಿಮಗೆ ಬೇಕಾದ ವ್ಯತ್ಯಾಸವೇ ಅದರಿಂದ ತಿಳಿಯುವುದಿಲ್ಲ. ಮೇಲಾಗಿ ಇಂಡಕ್ಷನ್ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಲೇಬೇಕು, ಇಲ್ಲದಿದ್ದರೆ ಅದು ಬಿಸಿಯೇ ಆಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಮತ್ತು ಅಲ್ಯೂಮಿನಿಯಂ ಅಡುಗೆ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಗುಣಮಟ್ಟ ಆದೇಶ ಹೊರಡಿಸಿತು. ಮಾನದಂಡದ ಸಂಖ್ಯೆ ಸ್ಟೀಲ್‌ಗೆ ಐಎಸ್ 14756, ಅಲ್ಯೂಮಿನಿಯಂಗೆ ಐಎಸ್ 1660. ಗುರುತಿನ ಜೊತೆ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು, ಎರಡು ನಿಮಿಷದ ಕೆಲಸ.

ಕುಕ್ಕರ್ ವಿಷಯದಲ್ಲಿ ಮಾತ್ರ ಅಗ್ಗ ಹುಡುಕಲೇಬೇಡಿ ಅಂತ ಹೇಳುತ್ತೇನೆ. ಐಎಸ್ 2347 ಗುರುತಿಲ್ಲದ ಪ್ರೆಶರ್ ಕುಕ್ಕರ್ ಮಾರುವ ಹಾಗಿಲ್ಲ, 2021ರ ಫೆಬ್ರವರಿಯಿಂದ ಕಡ್ಡಾಯ. ಆದರೂ ಮಾರುತ್ತಿದ್ದರು. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಝಾನ್‌ಗೆ ಒಂದು ಲಕ್ಷ ರೂಪಾಯಿ ದಂಡ ಹಾಕಿ, ತನ್ನ ತಾಣದಲ್ಲಿ ಮಾರಾಟವಾದ ಇಂಥ 2,265 ಕುಕ್ಕರ್‌ಗಳನ್ನು ವಾಪಸ್ ತಗೊಂಡು ದುಡ್ಡು ಹಿಂದಿರುಗಿಸಲು ಆದೇಶಿಸಿತು. ಅಷ್ಟು ದೊಡ್ಡ ಕಡೆಯೇ ಹೀಗಾದರೆ ರಸ್ತೆ ಬದಿಯ ಟೆಂಪೋದಲ್ಲಿ ಇನ್ನೇನು. ಕುಕ್ಕರಿನ ಅಗ್ಗ ಅಂದರೆ ಸೇಫ್ಟಿ ವಾಲ್ವ್‌ನಲ್ಲೋ ಗ್ಯಾಸ್ಕೆಟ್‌ನಲ್ಲೋ ಗೇಜ್‌ನಲ್ಲೋ, ಅಂದರೆ ತಗಡಿನ ದಪ್ಪದಲ್ಲೋ, ಉಳಿಸಿದ್ದು. ಅದು ಉಳಿತಾಯ ಅಲ್ಲ.

ಅಲ್ಯೂಮಿನಿಯಂದೂ ಒಂದು ಎಚ್ಚರ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಆಮದಾದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹದ ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯಬಹುದು ಅಂತ ಎಚ್ಚರಿಸಿತು. ಹಿಂಡಾಲಿಯಂ ಹೆಸರು ಓದಿ ಅಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಅಮ್ಮ ಕಳಿಸಿದ ಬಾಣಲೆಯನ್ನು ಕೆಳಗಿಳಿಸಿ ನೋಡಿರಬೇಕು. ಎಲ್ಲ ಹಿಂಡಾಲಿಯಂ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಆದರೆ ಯಾವ ಗುಜರಿ ಕರಗಿಸಿ ಎರಕ ಹೊಯ್ದಿದ್ದಾರೋ ಗೊತ್ತಿಲ್ಲದ, ಹೆಸರಿಲ್ಲದ, ಗುರುತಿಲ್ಲದ ಬಾಣಲೆಯನ್ನು ಬರೀ ಅಗ್ಗ ಅಂತ ತರಬೇಡಿ.

ಟ್ರೈಪ್ಲೈ ಅಂದರೆ ಸ್ಟೀಲು, ನಡುವೆ ಅಲ್ಯೂಮಿನಿಯಂ, ಮತ್ತೆ ಸ್ಟೀಲು. ಪಾತ್ರೆಯ ಗೋಡೆಯವರೆಗೂ ಮೂರು ಪದರ ಇರಬೇಕು. ಬಾಯಿಯ ಅಂಚನ್ನು ಬೆಳಕಿಗೆ ಹಿಡಿದರೆ ಸಾಮಾನ್ಯವಾಗಿ ಮೂರು ಗೆರೆ ಕಾಣುತ್ತದೆ, ಹೋಳಿಗೆ ಕತ್ತರಿಸಿದಾಗ ಹೂರಣ ಕಾಣುವಂತೆ. ತಳಕ್ಕೆ ಮಾತ್ರ ದಪ್ಪ ಬಿಲ್ಲೆ ಅಂಟಿಸಿದ್ದು ಸ್ಯಾಂಡ್‌ವಿಚ್ ಬಾಟಮ್. ಅದೂ ಒಳ್ಳೇದೇ, ಬೆಲೆ ಬೇರೆ. "ಗ್ರಾನೈಟ್" ಕಾವಲಿಯಲ್ಲಿ ಗ್ರಾನೈಟ್ ಇರುವುದಿಲ್ಲ. ಬಹುಪಾಲು ಅದು ಚುಕ್ಕೆ ಬಿದ್ದ ಮಾಮೂಲಿ ನಾನ್‌ಸ್ಟಿಕ್. ಇಂಥದ್ದಕ್ಕೆ ದುಡ್ಡು ಹಾಕುವ ಬದಲು ಬೀಡಿನ ಕಾವಲಿ ತಗೊಂಡು, ಎಣ್ಣೆ ಸವರಿ ಕಾಯಿಸಿ ಪಳಗಿಸಿದರೆ ಮೊಮ್ಮಕ್ಕಳ ಕಾಲಕ್ಕೂ ದೋಸೆ ಏಳುತ್ತದೆ. ಇದು ನನ್ನ ಪಕ್ಷಪಾತ, ಒಪ್ಪಿಕೊಳ್ಳುತ್ತೇನೆ.

ಅಗ್ಗ ಎಲ್ಲಿಂದ ಬರುತ್ತದೆ

ಪ್ರತಿ ಊರಿನ ಕಲ್ಯಾಣ ಮಂಟಪಕ್ಕೂ ವರ್ಷಕ್ಕೆರಡು ಸಲ "ಎಕ್ಸ್‌ಪೋರ್ಟ್ ಸರ್‌ಪ್ಲಸ್ ಸೇಲ್" ಬರುತ್ತದೆ. ಖುರ್ಜಾದ ಪಿಂಗಾಣಿ ಬಟ್ಟಲು, ಮೊರಾದಾಬಾದಿನ ಹಿತ್ತಾಳೆ, ಯಾವುದು ತಗೊಂಡರೂ 99. ಇಲ್ಲಿ ನಿಜವಾದ ಮಾಲೂ ಇರುತ್ತದೆ. ಉತ್ತರ ಪ್ರದೇಶದ ಈ ಎರಡೂ ಊರುಗಳು ರಫ್ತಿಗೆ ಹೆಸರಾದವು, ಭಟ್ಟಿಯಲ್ಲಿ ಸುಡುವಾಗ ಒಂದಿಷ್ಟು ಓರೆಯಾಗುವುದು ಸಹಜ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ 50 ಸುಂಕ ಹಾಕಿದಾಗ ಮೊರಾದಾಬಾದಿನಲ್ಲಿ ಆರ್ಡರ್‌ಗಳು ನಿಂತುಹೋದವು. ಹಾಗೆ ನಿಂತ ಮಾಲು ಎಲ್ಲಾದರೂ ಮಾರಾಟವಾಗಲೇಬೇಕಲ್ಲ. ಆದರೆ ಬೋರ್ಡ್ ಹಾಕಿದ್ದೆಲ್ಲ ರಫ್ತಿನದ್ದಲ್ಲ. ರಫ್ತಿಗೆ ಅಂತ ಮಾಡಿದ ಬಟ್ಟಲಿನ ತಳದಲ್ಲಿ ರೂಪಾಯಿ ಎಮ್‌ಆರ್‌ಪಿ ಯಾಕೆ ಅಚ್ಚಾಗಿರುತ್ತದೆ ಹೇಳಿ? ಪಿಂಗಾಣಿಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಕೇಳಿದರೆ ಸರಿ, ಮಂಕಾಗಿ ಕೇಳಿದರೆ ಎಲ್ಲೋ ಬಿರುಕಿದೆ. ತಳದ ಹೊರಗಿನ ಹೊಳಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಪರವಾಗಿಲ್ಲ. ಒಳಗಿನ ಹೊಳಪಿನಲ್ಲಿ ಜೇಡರ ಬಲೆಯಂಥ ಗೆರೆ ಇದ್ದರೆ ಬೇಡ, ಸಾರು ಅದರೊಳಗೆ ಇಳಿಯುತ್ತದೆ.

ಇದಕ್ಕೆ ಪೂರ್ತಿ ಬೇರೆ ದಾರಿ ಡಿಮಾರ್ಟ್‌ನದು. ಮುಂಬೈನ ಪೊವಾಯಿಯಲ್ಲಿ 2002ರಲ್ಲಿ ರಾಧಾಕಿಶನ್ ದಮಾನಿ ಶುರುಮಾಡಿದ್ದು, ಈಗ ದೇಶದಲ್ಲಿ ನಾನೂರರ ಮೇಲೆ ಅಂಗಡಿ. ಇಲ್ಲಿ ಹಬ್ಬದ ಆಫರ್‌ಗಿಂತ ದಿನವೂ ಸ್ವಲ್ಪ ಕಡಿಮೆ ಅನ್ನೋದೇ ಲೆಕ್ಕ. ಜಾಗ ಬಹುತೇಕ ಸ್ವಂತದ್ದು, ಬಾಡಿಗೆಯಿಲ್ಲ. ಸರಕು ಕೊಟ್ಟವರಿಗೆ ಬೇಗ ದುಡ್ಡು ಕೊಡುತ್ತಾರೆ, ಬದಲಿಗೆ ಕಡಿಮೆ ದರ ಕೇಳುತ್ತಾರೆ. ಅಂದ ಚೆಂದಕ್ಕೆ ಖರ್ಚಿಲ್ಲ. ಈ ಅಗ್ಗಕ್ಕೆ ಕಾರಣ ಇದೆ, ಕಾಣುತ್ತದೆ, ನಂಬಬಹುದು. ಆದರೆ ಒಂದು ಸಂಗತಿ ಗಮನಿಸಿ. ಇಂಥ ಅಂಗಡಿಗಳಲ್ಲಿ ಬೇಳೆ, ಎಣ್ಣೆ, ಸಕ್ಕರೆಯಲ್ಲಿ ಲಾಭ ತೀರಾ ತೆಳು, ಯಾಕಂದರೆ ಅವುಗಳ ಬೆಲೆ ನಮಗೆ ಬಾಯಿಪಾಠ. ಬಟ್ಟೆ, ಪ್ಲಾಸ್ಟಿಕ್ ಡಬ್ಬ, ಪಾತ್ರೆ, ಇವುಗಳಲ್ಲಿ ಲಾಭ ದಪ್ಪ. ಬೇಳೆ ತರಲು ಹೋದವರು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಿ ಡಬ್ಬದ ಸೆಟ್ಟು ತಂದಿರುತ್ತಾರೆ. ನಮ್ಮ ಮನೆಯಲ್ಲಿ ಮುಚ್ಚಳ ಕಳೆದ ಡಬ್ಬ ಹನ್ನೊಂದಿವೆ. ಎಣಿಸಿದ್ದೇನೆ.

ನಮ್ಮಮ್ಮ ಇದ್ಯಾವುದನ್ನೂ ಓದಿದವರಲ್ಲ. ಹೋದ ವರ್ಷ ಅವರ ಜೊತೆ ಚಿಕ್ಕಪೇಟೆಯ ಪಾತ್ರೆ ಅಂಗಡಿಗೆ ಹೋಗಿದ್ದೆ. ಒಂದು ಕೊಳಗ ನೋಡಿದರು. ದಪ್ಪ ತಳ, ಒಳ್ಳೇ ಗೇಜು. ಅಂಗಡಿಯವರು ಹೇಳಿದ ಬೆಲೆ ಅಮ್ಮ ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇತ್ತು. ಬೇರೆಯವರಾಗಿದ್ದರೆ ಖುಷಿಯಾಗಿ ದುಡ್ಡು ತೆಗೆಯುತ್ತಿದ್ದರು. ಅಮ್ಮನ ಮುಖ ಗಂಭೀರವಾಯಿತು.

"ಯಾಕೆ ಸೇಠು, ಇದು ಇಷ್ಟು ಕಮ್ಮಿ?"

ಅವರು ಏನೂ ಹೇಳದೆ ಕೊಳಗವನ್ನು ಅರ್ಧ ಸುತ್ತು ತಿರುಗಿಸಿದರು. ಕಂಠದ ಕೆಳಗೆ ಹೆಬ್ಬೆರಳು ಒತ್ತಿದಷ್ಟು ನೆಗ್ಗು. "ಲಾರಿಯಿಂದ ಇಳಿಸೋವಾಗ ಬಿತ್ತು, ಅಮ್ಮಾ. ಒಳಗೆ ಏನೂ ಆಗಿಲ್ಲ."

ಅಮ್ಮ ಅದನ್ನು ಗಾಜಿನ ಕೌಂಟರ್ ಮೇಲೆ ಇಟ್ಟು ಅಂಚನ್ನು ನಾಲ್ಕೂ ಕಡೆ ಒತ್ತಿ ನೋಡಿದರು. ಅಲ್ಲಾಡಲಿಲ್ಲ. ಒಳಗೆ ಕೈಯಾಡಿಸಿದರು. ಆಮೇಲೆ ತಕ್ಕಡಿಗೆ ಇಡಿಸಿ, ಇನ್ನೂ ಐವತ್ತು ರೂಪಾಯಿ ಇಳಿಸಿ, ಕೊಸರಿಗೆ ಒಂದು ಚಮಚ ಕೇಳಿ ತಗೊಂಡರು. ಈಗ ಹಬ್ಬದ ದಿನ ಸಾರು ಅದರಲ್ಲೇ. ನೆಗ್ಗು ಗೋಡೆ ಕಡೆಗೆ ಇರುತ್ತದೆ.